ಕೆಂಪರಾಜನ ದಪ್ಪ-ಸಣ್ಣ ಅಕ್ಷರ

ಕೋಟೆ ಬಸ್ ಸ್ಟ್ಯಾಂಡ್ ಪಕ್ಕದ ಫ್ಲೆಕ್ಸ್ ಅಂಗಡಿಯ ಕೆಂಪರಾಜನಿಗೆ ಒಂದೇ ಬಗೆಯ ಅಕ್ಷರದ ಹುಚ್ಚು: ಒಂದು ಗೆರೆ ಬಾಳೆದಿಂಡಿನಷ್ಟು ದಪ್ಪ, ಪಕ್ಕದ್ದು ಕೂದಲೆಳೆ. ಮೈಸೂರಿನ ಒಡವೆ ಅಂಗಡಿಗೆ ಒಪ್ಪುವ ಆ ಅಕ್ಷರವನ್ನು ಕೋಳಿ ಅಂಗಡಿಗೂ ಬೋರ್‌ವೆಲ್ ರಿಪೇರಿಗೂ ಹಾಕುತ್ತಾನೆ. ಜಮೀನಿನ ಹಕ್ಕುಪತ್ರಕ್ಕಾಗಿ ತಾಲೂಕು ಕಚೇರಿ ಮುಂದೆ ನಾವು ಕೂತ ಧರಣಿಯ ಬ್ಯಾನರಿಗೂ ಹಾಕಿದ. ಹತ್ತು ಮಾರು ದೂರಕ್ಕೆ ಸಣ್ಣ ಗೆರೆ ಮಾಯ. "ಏನ್ಲಾ ಇದು, ಧಿಕ್ಕಾರನೋ ಮದ್ವೆ ಕಾರ್ಡೋ?" ಎಂದು ಬೈದೆ. "ತಾಸೀಲ್ದಾರ್ರು ಕುರ್ಚಿ ಬುಟ್ಟೆದ್ದು ಅತ್ರ ಬಂದು ಓದ್ಲಿ ಬುಡಣ್ಣ, ಕಾಲಿಲ್ವಾ?" ಎಂದ. ಮೊನ್ನೆ ಕೂಲಿ ಮಾಡುತ್ತಿದ್ದ ಮಾರಮ್ಮ ತೀರಿಕೊಂಡಾಗ ಶ್ರದ್ಧಾಂಜಲಿ ಫ್ಲೆಕ್ಸಿಗೂ ಅದೇ ಅಕ್ಷರ. "ಆವಮ್ಮನ ಎಸ್ರು ರೇಷನ್ ಕಾರ್ಡ್ ಬುಟ್ರೆ ಎಲ್ಲೂ ಅಚ್ಚಾಗಿಲ್ಲ ಕಣಣ್ಣ, ಒಂದ್ಸಲನಾದ್ರೂ ಚೆಂದಾಗಿರ್ಲಿ," ಎಂದ. ಹತ್ತಿರ ಹೋಗಿ ಓದಿದೆ. ನನ್ನ ಶ್ರದ್ಧಾಂಜಲಿ ಫ್ಲೆಕ್ಸಿಗೂ ಅದನ್ನೇ ಹಾಕಲು ಹೇಳಿಟ್ಟಿದ್ದೇನೆ. ಸಣ್ಣ ಗೆರೆ ಮಾತ್ರ ಕೊಂಚ ದಪ್ಪಗಿರಲಿ, ನನ್ನ ಹತ್ತಿರಕ್ಕೆ ಬರುವವರು ಕಡಿಮೆ.