ತಲೆಯ ಮೇಲಿನ ಅಟ್ಟ

ಬಡಗಿಯ ಲೆಕ್ಕದಲ್ಲಿ ಆಪತ್ತು ಯಾವತ್ತೂ ಕೆಳಗಿನಿಂದ ಬರುವಂಥದ್ದು. ಅರವತ್ತು ವರ್ಷ ಅವನು ಬದುಕಿದ್ದು ಹೊಳೆಯ ದಂಡೆಯಲ್ಲಿ. ವರ್ಷಕ್ಕೊಮ್ಮೆ ನೀರು ಹೇಳದೆ ಕೇಳದೆ ಒಳಗೆ ಬಂದು, ನಾಚಿಕೆಯಿಲ್ಲದ ನೆಂಟರ ಹಾಗೆ ನಾಲ್ಕು ದಿನ ಝಾಂಡಾ ಹೂಡಿ, ಕೆಸರು ಬಿಟ್ಟು ಹೋಗುತ್ತಿತ್ತು. ಹಾಗಾಗಿ ಅಲ್ಲಿನವರು ಬೇಕಾದದ್ದನ್ನೆಲ್ಲ ಮೇಲಿಡುತ್ತಿದ್ದರು, ಭಾರವಾದಷ್ಟೂ ಮೇಲೆ. ಆ ಊರಿನ ಅರ್ಧ ಅಟ್ಟಗಳು ಇವನ ಕೈಯವೇ. ಕೊನೆಯ ನೆರೆಯಲ್ಲಿ ಮಂಡಿನೋವಿನ ಹೆಂಡತಿಯನ್ನು ಹೊತ್ತು ಅಟ್ಟ ಸೇರಿಸಿ, ಎರಡು ದಿನ ಅಲ್ಲೇ ಕೂತು ಇಬ್ಬರೂ ಜೀವ ಉಳಿಸಿಕೊಂಡಿದ್ದರು. ನೀರಿಳಿದ ಮೇಲೆ ಆ ಮನೆ ವಾಸಕ್ಕೆ ಯೋಗ್ಯವಲ್ಲ ಎಂದಾಯಿತು. ಮಗಳು ಬಂದು ತನ್ನೂರಿಗೆ ಕರೆದೊಯ್ದಳು.

ಮಗಳ ಊರಿನಲ್ಲಿ ಹೊಳೆಯಿಲ್ಲ, ನೆಲವೇ ನಡುಗುತ್ತದೆ. ಗಾಜು ಒಡೆದು ಕಾಲಿಗೆ ಚುಚ್ಚೀತೆಂದು ಅಲ್ಲಿನ ಜನ ಮಂಚದ ಕೆಳಗೆ ಚಪ್ಪಲಿ ಇಟ್ಟುಕೊಂಡೇ ಮಲಗುತ್ತಾರೆ. ಬೀರುಗಳನ್ನು ಕಬ್ಬಿಣದ ಪಟ್ಟಿ ಹಾಕಿ ಗೋಡೆಗೆ ಬಿಗಿಯುತ್ತಾರೆ. ಭಾರದ ಸಾಮಾನೆಲ್ಲ ನೆಲದ ಮೇಲೆ. ಹಿಟ್ಟಿನ ಡಬ್ಬ ನೆಲಕ್ಕೆ ಕೂತದ್ದನ್ನು ಕಂಡು ಬಡಗಿಗೆ ಮೈ ಉರಿಯಿತು. ಎರಡನೇ ವಾರವೇ, ಮಗಳು ಕೆಲಸಕ್ಕೆ ಹೋದ ಹೊತ್ತು ನೋಡಿ, ತಮಗೆ ಕೊಟ್ಟ ಕೋಣೆಯಲ್ಲಿ ಹೆಂಡತಿಯ ಮಂಚದ ಮೇಲ್ಗಡೆ ಅಟ್ಟ ಕಟ್ಟಿ ಏಣಿಯನ್ನೂ ನಿಲ್ಲಿಸಿದ. ಹತಾರದ ಪೆಟ್ಟಿಗೆ, ಕಬ್ಬಿಣದ ಟ್ರಂಕು ಎರಡೂ ಮೇಲೇರಿದವು.

“ಅಪ್ಪ, ಈ ಊರಲ್ಲಿ ತಲೆ ಮೇಲೆ ಭಾರ ಇಡಬಾರದು. ಬಿಚ್ಚಿಬಿಡು,” ಎಂದಳು ಮಗಳು.

“ನಿಮ್ಮಮ್ಮನ ಜೀವ ಉಳಿಸಿದ್ದು ಅಟ್ಟ ಕಣಮ್ಮ, ನಿಮ್ಮೂರಿನ ಕಬ್ಬಿಣದ ಪಟ್ಟಿಯಲ್ಲ.”

ಅವನದು ಉಡದ ಪಟ್ಟು. ಮಗಳು ತಾಯಿಯ ಮುಖ ನೋಡಿದಳು. “ಇರ್ಲಿ ಬಿಡೇ,” ಎಂದು ತಾಯಿ ಮಾತು ಮುಗಿಸಿದಳು.

ಎಂಟು ತಿಂಗಳು ಏನೂ ಆಗಲಿಲ್ಲ. ಊರವರೆಲ್ಲ ಪುಕ್ಕಲರೆಂದು ಬಡಗಿ ಆಡಿಕೊಂಡು ನಕ್ಕಿದ್ದೂ ಉಂಟು. ಒಂದು ಬೆಳಿಗ್ಗೆ ಹೆಂಡತಿ ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ಇವನು ಬಾಗಿಲ ಬಳಿ ಹಳೇ ಮೇಜಿಗೆ ಉಪ್ಪುಕಾಗದ ಉಜ್ಜುತ್ತಿದ್ದ. ಕಿಟಕಿ ಗಡಗಡ ಎಂದಿತು, ಮೇಜು ಕೈಯಿಂದ ಜಾರಿತು. ಜೀವ ಬಾಯಿಗೆ ಬಂದ ಆ ಗಳಿಗೆಯಲ್ಲಿ ಕೆಲಸ ಮಾಡಿದ್ದು ಬುದ್ಧಿಯಲ್ಲ, ಕಾಲು. ಹೆಂಡತಿಯ ರಟ್ಟೆ ಹಿಡಿದು ಏಣಿಯ ಹತ್ತಿರ ಎಳೆದು ತಂದ. “ಹತ್ತು, ಬೇಗ ಹತ್ತು,” ಎನ್ನುತ್ತ ತಾನೇ ಎರಡು ಮೆಟ್ಟಿಲೇರಿದ.

ಅವಳು ಹತ್ತಲಿಲ್ಲ. ಅವನ ಅಂಗಿ ಹಿಡಿದು ಜಗ್ಗಿ ಕೆಳಗಿಳಿಸಿದಳು.

“ಇದು ನೀರಲ್ಲ ರೀ, ನೆಲ. ಬಗ್ಗಿ.”

ನಾಲ್ಕು ಹೆಜ್ಜೆಗೆ ಅಯ್ಯಪ್ಪಾ ಎನ್ನುವ ಹೆಂಗಸು ಗಂಡನನ್ನು ಮೇಜಿನಡಿಗೆ ತಳ್ಳಿ, ತಾನೂ ನುಸುಳಿ, ಒಂದು ಕೈಯಲ್ಲಿ ಮೇಜಿನ ಕಾಲು, ಇನ್ನೊಂದರಲ್ಲಿ ಅವನ ತಲೆ ಅದುಮಿ ಹಿಡಿದಳು. ಅಟ್ಟ ಅಲ್ಲಾಡಲಿಲ್ಲ, ಕಟ್ಟಿದವನು ಸಾಮಾನ್ಯ ಬಡಗಿಯೇ? ಅದರ ಮೇಲಿನ ಟ್ರಂಕು ಮಾತ್ರ ಜಾರಿ ನೇರ ಅವಳ ತಲೆದಿಂಬಿನ ಮೇಲೆ ಬಿತ್ತು. ಮಂಚದ ಹಲಗೆ ಎರಡು ತುಂಡಾಯಿತು.

ನಡುಕ ನಿಂತ ಮೇಲೂ ಅವರು ಹೊರಗೆ ಬರಲಿಲ್ಲ. ಅವನು ಮಂಚವನ್ನೇ ನೋಡುತ್ತಿದ್ದ.

“ಮೇಜಿನಡಿ ಹೋಗ್ಬೇಕು ಅಂತ ನಿನಗೆ ಹೇಗೆ ಗೊತ್ತು?”

“ಶನಿವಾರ ಶನಿವಾರ ಶಾಲೇಲಿ ಹೇಳಿಕೊಡ್ತಾರೆ. ಮಗಳ ಜೊತೆ ಹೋಗ್ತಿದ್ದೆ. ನಿಮ್ಮ ಹತ್ರ ತರಕಾರಿಗೆ ಅಂತಿದ್ದೆ.”

“ಹಾಗಾದ್ರೆ ಟ್ರಂಕು ಬೀಳುತ್ತೆ ಅಂತಾನೂ ಗೊತ್ತಿತ್ತು.”

“ಗೊತ್ತಿತ್ತು.”

“ಗೊತ್ತಿದ್ದೂ ಅದರ ಕೆಳಗೇ ಮಲಗ್ತಿದ್ಯಾ?”

ಅವಳು ಸೆರಗಿನಿಂದ ಅವನ ತಲೆಯ ಮೇಲಿನ ಸುಣ್ಣದ ಪುಡಿ ಒರೆಸಿದಳು. “ಇಲ್ಲಿಗೆ ಬಂದ ಮೇಲೆ ನೀವು ಒಂದು ರಾತ್ರಿನೂ ಕಣ್ಣು ಮುಚ್ಚಿರಲಿಲ್ಲ. ಅಟ್ಟ ಕಟ್ಟಿದ ದಿನ ಗೊರಕೆ ಹೊಡೆದ್ರಿ. ಬಿಚ್ಚಿ ಅಂತ ಯಾವ ಬಾಯಲ್ಲಿ ಹೇಳ್ಲಿ?”

ಬಡಗಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ತನ್ನ ಕೈಯಾರೆ ಅವಳನ್ನು ಸಾವಿನ ಕೆಳಗೆ ಮಲಗಿಸಿದ್ದನಲ್ಲ. ಊಟಕ್ಕೂ ಏಳದೆ ಸಂಜೆಯೊಳಗೆ ಅಟ್ಟ ಬಿಚ್ಚಿ, ಅದೇ ಹಲಗೆಯಿಂದ ಮಂಚ ಸರಿಮಾಡಿದ.

ಆ ವಾರವೆಲ್ಲ ಅವನಿಗೆ ನಿದ್ದೆ ಹತ್ತಲಿಲ್ಲ. ಹೆಂಡತಿ ಮಾತ್ರ ಮಲಗಿದ ಕೂಡಲೇ ಗೊರಕೆ ಹೊಡೆಯತೊಡಗಿದಳು. ಎಂಟು ತಿಂಗಳಲ್ಲಿ ಅವಳ ಗೊರಕೆ ಕೇಳಿದ್ದು ಅದೇ ಮೊದಲು ಎಂಬುದು ಅವನಿಗೆ ಆಗ ಹೊಳೆಯಿತು.