ಕೋಟೆಯೊಳಗಿನ ಸಿಹಿನೀರು

ಬರದ ವರ್ಷಗಳಲ್ಲಿ ಬೀದರ ಸೀಮೆಯ ನಮ್ಮ ಮೆಹಕರದಿಂದ ಅರ್ಧ ಊರೇ ದುಡಿಯಲು ಹೊರಟಿತ್ತು. ಅಕ್ಕ, ಭಾವ ಸಮುದ್ರದ ದಂಡೆಯ ಅಲಿಬಾಗಕ್ಕೆ ಹೋಗಿ ಕಟ್ಟಡದ ಕೆಲಸ ಹಿಡಿದರು. ಅವರನ್ನು ನೋಡಿ ಬರಲು ಅವ್ವ ನನ್ನನ್ನು ಕಳಿಸಿದಳು.

ಅಲ್ಲಿ ಸಮುದ್ರದೊಳಗೆ ಒಂದು ಹಳೆಯ ಕೋಟೆಯಿದೆ. ಅಕ್ಕ ಸಿಮೆಂಟಿನ ಬುಟ್ಟಿ ಹೊತ್ತು ಮಹಡಿ ಏರಿದಾಗಲೆಲ್ಲ ಅದು ಕಾಣುತ್ತಿತ್ತಂತೆ. ಒಳಗೆ ಮಾತ್ರ ಹೋಗಿರಲಿಲ್ಲ. ನಾನು ಬಂದ ನೆಪದಲ್ಲಿ ಒಂದು ದಿನ ಕೆಲಸ ಬಿಟ್ಟಳು.

ಇಳಿತದ ಹೊತ್ತು, ಸಮುದ್ರದ ನೀರು ಹಿಂದೆ ಸರಿದಿತ್ತು. ಒದ್ದೆ ಮರಳಿನ ಮೇಲೆ ನಡೆದೇ ಹೋದೆವು.

"ಖಂದಕ ಬತ್ತಿ ಹೋಗ್ಯಾದಲ್ಲಕ್ಕಾ," ಅಂದೆ. ಬೀದರ ಕೋಟೆಯ ಕಂದಕ ಬಿಟ್ಟರೆ ನನಗೆ ಬೇರೆ ಗೊತ್ತಿರಲಿಲ್ಲ.

ಅಕ್ಕ ನಕ್ಕಳು. "ಹುಚ್ಚಾ, ಇದು ನಮ್ಮೂರ ಕೆರಿ ಅಲ್ಲ. ಹೋದ ನೀರು ತಿರುಗಿ ಬರ್ತದ."

ಕೋಟೆಯ ಬಾಗಿಲಿಗೆ ಬರುವಷ್ಟರಲ್ಲಿ ಅವಳ ಕಂಕುಳಲ್ಲಿದ್ದ ಕೂಸು ನಿದ್ದೆ ಹೋಗಿತ್ತು. ಮಡಿಲಲ್ಲಿ ಹಾಕಿಕೊಂಡು ಕುಳಿತಳು. "ನೀ ಜಲ್ದಿ ನೋಡಿ ಬಾ ತಮ್ಮಾ. ಆಮ್ಯಾಲ ಕೂಸಿನ್ನ ನೀ ಹಿಡಿ, ನಾ ಹೋಗ್ತೇನಿ."

ಒಳಗೆ ಗಾರೆಯಿಲ್ಲದೆ ಕೂಡಿಸಿದ ಕರಿಕಲ್ಲುಗಳು. ಇಷ್ಟು ಕಾಲ ಅಲೆ ಬಡಿದರೂ ಅಲುಗದೆ ನಿಂತಿದ್ದವು. ಬೀದರದ ಕೆಂಪು ಕೋಟೆ ನೋಡಿ ಬೆಳೆದ ನಾನೂ ಅವುಗಳ ಸಂದಿಗೆ ಬೆರಳಾಡಿಸಿ ನೋಡಿದೆ. ಒಂದು ಬಾವಿಯಿತ್ತು. ಯಾರೋ ಸೇದಿ ಬೊಗಸೆಗೆ ಹಾಕಿದರು. ಸಿಹಿನೀರು! ಸುತ್ತ ಉಪ್ಪು ಸಮುದ್ರ, ನಡುವೆ ಇಂಥ ನೀರು. ಟ್ಯಾಂಕರಿನ ಮುಂದೆ ಕೊಡ ಹಿಡಿದು ಜಗಳಾಡಿದ ಅಕ್ಕ ಇದನ್ನು ನೋಡಬೇಕು ಅಂದುಕೊಂಡೆ. ಅಂದುಕೊಂಡವನು ಹೊರಗೆ ಬರದೆ ಬುರುಜು ಹತ್ತಿ ನೋಡುತ್ತ ನಿಂತುಬಿಟ್ಟೆ. ಹೋದ ನೀರು ತಿರುಗಿ ಬಂದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವಳ ಮಾತಿನಲ್ಲಿ ನನಗೆ ನಂಬಿಕೆ ಬಂದಿರಲಿಲ್ಲ.

ಕೆಳಗಿನಿಂದ ಅಕ್ಕನ ಕೂಗು ಕೇಳಿ ಓಡಿ ಬಂದೆ. ನೀರು ತಿರುಗಿ ಏರುತ್ತಿತ್ತು, ಅಕ್ಕ ಒಳಗೆ ಹೋಗುವ ಹೊತ್ತು ಮೀರಿತ್ತು. ಕೂಸನ್ನು ಹೆಗಲಿಗೇರಿಸಿ, ಮೊಣಕಾಲುದ್ದ ನೀರಿನಲ್ಲಿ ದಡ ಸೇರಿದೆವು.

"ಸುಲ್ತಾನನ ಹಂಗ ಬುರುಜಿನ ಮ್ಯಾಲ ನಿಂತಿದ್ದಿಯಲ್ಲೋ," ಸೀರೆ ಹಿಂಡುತ್ತ ಅಕ್ಕ ಅಂದಳು. ಆಮೇಲೆ ಕೇಳಿದಳು, "ಒಳಗ ಏನದ?"

"ಏನಿಲ್ಲಕ್ಕಾ. ಬರೀ ಕಲ್ಲು. ನಮ್ಮ ಬೀದರ ಕೋಟಿ ಮುಂದ ಇದೇನು?"

"ಹಂಗಾರ ಬಿಡು," ಅಂದಳು. ಅವಳ ಮುಖ ಹಗುರಾಯಿತು. ನನಗೂ ಆಗ ಹಗುರೆನಿಸಿತು.

ಆಕೆ ಮತ್ತೆ ಅಲ್ಲಿಗೆ ಹೋಗಲಿಲ್ಲ. ನಾಲ್ಕು ಮಳೆಗಾಲ ಆದ ಮೇಲೆ ಅಕ್ಕ, ಭಾವ ನಮ್ಮೂರ ಕಡೆಯ ಭಾಲ್ಕಿಗೆ ಬಂದು ನೆಲೆ ನಿಂತರು. ಮೊನ್ನೆ ಅವಳ ಮನೆಯಲ್ಲಿ ಸಮುದ್ರದ ಮಾತು ಬಂತು. ರೊಟ್ಟಿ ಬಡಿಯುತ್ತ ಮಗಳಿಗೆ ಹೇಳಿದಳು, "ಆ ಕೋಟ್ಯಾಗ ಏನಿಲ್ಲವ್ವಾ. ನಿಮ್ಮ ಮಾಮಾ ನೋಡ್ಯಾನ."

ಕುಡಿಯುತ್ತಿದ್ದ ತಂಬಿಗೆ ಕೆಳಗಿಟ್ಟೆ. "ಬಾವಿ ಇತ್ತಕ್ಕಾ. ಸಿಹಿನೀರಿಂದು. ಕಟ್ಟಡ ಭಾಳ ಚಂದಿತ್ತು. ನಾ ಸುಳ್ಳ ಹೇಳಿದ್ದೆ."

ಅಕ್ಕ ಹಿಟ್ಟಿನ ಕೈಯಲ್ಲೇ ನನ್ನ ಕಡೆ ತಿರುಗಿದಳು. "ಸಮುದ್ರದಾಗ ಸಿಹಿನೀರಾ? ಹೋಗೋ, ಸುಳ್ಳ ಈಗ ಹೇಳಾಕತ್ತಿ."