ಸೊನೆ ಹತ್ತಿದ ಬೆರಳು

ನಮ್ಮ ಮಾವಿನ ತೋಟ ಕಾಯುವವರನ್ನು ಊರೆಲ್ಲ ತೋಟದಣ್ಣ ಎನ್ನುತ್ತದೆ. ಹರೆಯದಲ್ಲಿ ನೇಪಾಳದಿಂದ ಶ್ರೀನಿವಾಸಪುರದ ಕಡೆಗೆ ಬಂದವರು, ನಮ್ಮೂರಲ್ಲೇ ಸಂಸಾರ ಹೂಡಿದರು. ಕನ್ನಡ, ತೆಲುಗು ಬೆರೆಸಿ ಬೈಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಗ್ರಾಮಸಭೆಯಲ್ಲಿ ಮಾತ್ರ ಚಪ್ಪಲಿ ಬಿಡುವ ಜಾಗದಲ್ಲಿ ಕೂತು, ಸುಮ್ಮನೆ ಎದ್ದು ಹೋಗುತ್ತಿದ್ದರು. ಅವರ ಮನೆಗೆ ನಲ್ಲಿ ಬಂದಿರಲಿಲ್ಲ. ಕೇಳಿ ಎಂದರೆ, "ಓಟಿಲ್ದೋನು ಏನಂತ ಕೇಳ್ಲಪ್ಪಾ?" ಎನ್ನುತ್ತಿದ್ದರು.

ವರ್ಷಗಟ್ಟಲೆ ಕೋಲಾರಕ್ಕೆ ಅಲೆದ ಮೇಲೆ ಪೌರತ್ವ ಸಿಕ್ಕಿತು, ಮತದಾರರ ಪಟ್ಟಿಗೆ ಹೆಸರೂ ಸೇರಿತು. ಮೊದಲ ಚುನಾವಣೆ ಬಂದದ್ದು ಮಾವಿನ ಕೊಯ್ಲಿನಲ್ಲಿ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದರು. ಶರ್ಟು ಬಿಳಿಯದೋ ನೀಲಿಯದೋ, ನೆನೆದಾಗಲೆಲ್ಲ ಬಣ್ಣ ಬದಲಾಗುತ್ತದೆ. ಸಾಕ್ಷಿಯನ್ನು ಅನುಮಾನಿಸುವುದನ್ನು ಯೂನಿವರ್ಸಿಟಿಯಲ್ಲಿ ಕಲಿತೆ. ಸಾಕ್ಷಿ ನಾನೇ ಆದಾಗಲೂ ಆ ಚಟ ಬಿಡುವುದಿಲ್ಲ.

ಮತಗಟ್ಟೆಗೆ ಬೇರೆ ಕಡೆಯಿಂದ ಬಂದಿದ್ದ ಅಧಿಕಾರಿ ತೋಟದಣ್ಣನ ಎಡಗೈ ತೋರುಬೆರಳು ನೋಡಿದರು. ಉಗುರಿನ ಬುಡದಲ್ಲಿ ಕಪ್ಪು ಕಲೆ.

"ಆಗ್ಲೇ ಓಟು ಹಾಕಿದೀರಲ್ರೀ!"

ಹಿಂದಿನ ಸಂಜೆವರೆಗೂ ತೋಟದಣ್ಣ ಕಾಯಿ ಕಿತ್ತಿದ್ದರು. ತೊಟ್ಟು ಮುರಿದಾಗ ಚಿಮ್ಮಿದ ಸೊನೆ ಚರ್ಮವನ್ನು ಸುಟ್ಟು ಕಪ್ಪಾಗಿಸಿತ್ತು. ಅದನ್ನು ಹೇಳುವ ಬದಲು ಅವರು ಹೊರಟುಹೋಗಲು ತಿರುಗಿದರು.

ಅಲ್ಲಿ ನಾನೇ ಮಾತಾಡಿದೆ ಎಂದು ಬಹಳ ಕಾಲ ನಂಬಿದ್ದೆ. ತೋಟದಣ್ಣ ಒಪ್ಪುವುದಿಲ್ಲ. "ನೀನೆಲ್ಲಿ ಮಾತಾಡ್ದೆ? ಕಂಬದ ಥರ ನಿಂತಿದ್ದೆ ಕಣೋ. ಹೇಳಿದ್ದು ಕಾಯಿ ಕೀಳೋಕೆ ಬರೋ ಅಜ್ಜಿ." ಇರಬಹುದು. ಹೆಂಗಸರ ಸಾಲಿನಲ್ಲಿದ್ದ ಆ ಅಜ್ಜಿಯ ದನಿಯಂತೂ ಕಿವಿಯಲ್ಲಿದೆ: "ಏನ್ ಸಾರ್, ಮಾವಿನಕಾಯಿ ಸೊನೆ ಕಂಡಿಲ್ವಾ ನೀವು? ನನ್ನ ಕೈ ನೋಡಿ. ನಾನು ಐದು ಓಟು ಹಾಕಿದೀನಿ ಅನ್ನಿ ಮತ್ತೆ!"

ಸಾಲಿನಲ್ಲಿದ್ದವರೆಲ್ಲ ನಗುತ್ತಾ ಎಡಗೈ ಎತ್ತಿದರು. ಮುಕ್ಕಾಲು ಪಾಲು ಬೆರಳುಗಳು ಕಪ್ಪಾಗಿದ್ದವು. ಅಧಿಕಾರಿಯೂ ನಕ್ಕರು. ಪಟ್ಟಿಯಲ್ಲಿ ಇನ್ನೊಮ್ಮೆ ಹೆಸರು ನೋಡಿ, ಆ ಕಲೆಯ ಮೇಲೆಯೇ ಶಾಯಿ ಎಳೆದರು. ತೋಟದಣ್ಣ ಓಟು ಹಾಕಿ, ಬೆರಳನ್ನು ಶರ್ಟಿಗೆ ತಾಗಿಸದೆ ಹಿಡಿದುಕೊಂಡು ಹೊರಬಂದರು.

ಮುಂದಿನ ಗ್ರಾಮಸಭೆಯ ಬಗ್ಗೆ ನನಗೆ ಅನುಮಾನವಿಲ್ಲ. ಅಂದು ತೋಟದಣ್ಣ ಮೊದಲ ಸಾಲಿನಲ್ಲಿ, ನನ್ನ ಪಕ್ಕದಲ್ಲೇ ಕೂತಿದ್ದರು. ನಲ್ಲಿಯ ವಿಷಯ ಬಂದಾಗ ಎದ್ದು ನಿಂತು, ತಮ್ಮ ಮನೆಗೂ ನಲ್ಲಿ ಬೇಕೆಂದರು.

"ಅರ್ಜಿ ಕೊಟ್ಟು ಹೋಗಣ್ಣ, ನೋಡೋಣ," ಎಂದರು ಪಂಚಾಯಿತಿ ಸದಸ್ಯರು.

"ಹೋಗಲ್ಲಪ್ಪಾ," ಎಂದರು ತೋಟದಣ್ಣ. "ಬರ್ಕೋ. ನೀನು ಬರೆಯೋದು ನೋಡ್ಕೊಂಡೇ ಕೂತ್ಕೊತೀನಿ."

ಸದಸ್ಯರು ಪೆನ್ನು ಹುಡುಕಿದರು.